ಕೈ ಬಿಡಿ ಎಂದ ಮೇಡಂ

ಭುಜದ ಆಪರೇಷನ್ ಆದಮೇಲೆ ನೋವಿಗಿಂತ ಹೆಚ್ಚಾಗಿ ನನ್ನ ತಲೆ ತಿಂದದ್ದು ನನ್ನ ಜಡೆ. ಬಲಗೈ ಕಿವಿಯವರೆಗೂ ಏರುತ್ತಿರಲಿಲ್ಲ, ಇನ್ನು ಜಡೆ ಹೆಣೆದುಕೊಳ್ಳುವ ಮಾತೆಲ್ಲಿ ಬಂತು? ಆ ಕೆಲಸ ನನ್ನ ಗಂಡನ ಪಾಲಿಗೆ ಬಿತ್ತು. ಅವರು ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯಲ್ಲಿ ಕೇಬಲ್ ಕಟ್ಟುತ್ತಾ ದುಡಿದು ನಿವೃತ್ತರಾದವರು. ಬಿಗಿಯಾಗಿ ಕಟ್ಟದ್ದು ಕಟ್ಟೇ ಅಲ್ಲ ಎಂಬುದು ಅವರ ನಂಬಿಕೆ. ಅವರು ಜಡೆ ಹಾಕಿ ಮುಗಿಸುವಷ್ಟರಲ್ಲಿ ನನ್ನ ಹುಬ್ಬುಗಳು ಹಣೆಗೆ ಏರಿರುತ್ತಿದ್ದವು.

"ಸ್ವಲ್ಪ ಸಡಿಲ ಬಿಡ್ರೀ" ಎಂದರೆ, "ಸಡಿಲ ಬಿಟ್ರೆ ಸಂಜೆವರ್ಗೂ ನಿಲ್ಲಲ್ಲ ಕಣೇ" ಎನ್ನುತ್ತಿದ್ದರು.

ನನ್ನದು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ತಯಾರಾದ ಬಿಡಿಭಾಗಗಳನ್ನು ಅಳೆದು ನೋಡಿ ಪಾಸು ಮಾಡುವ ಕೆಲಸ. ಅಲ್ಲಿನ ಮೆಟ್ಟಿಲಲ್ಲಲ್ಲ, ನಮ್ಮ ಮನೆಯ ಮೆಟ್ಟಿಲಲ್ಲೇ ಕಾಲು ಜಾರಿ ಬಿದ್ದು ಭುಜದ ಸ್ನಾಯು ಹರಿದುಕೊಂಡೆ. ಆಸ್ಪತ್ರೆಯಲ್ಲಿ ಚೆನ್ನಾಗಿಯೇ ಹೊಲಿದರು. ಕೊರಳಿಗೆ ನೇತುಹಾಕಿದ್ದ ಪಟ್ಟಿ ಬಿಚ್ಚಿದ ಮೇಲೆ ಡಾಕ್ಟರು, ಒಳಗೆಲ್ಲ ಸರಿಯಾಗಿದೆ, ಇನ್ನು ನಿಧಾನವಾಗಿ ಎತ್ತಿ ಎಂದರು. ಕೈ ಮಾತ್ರ ಎದೆಗೆ ಅಂಟಿಕೊಂಡೇ ಉಳಿಯಿತು.

ವ್ಯಾಯಾಮ ಮಾಡಿಸುತ್ತಿದ್ದ ಫಿಸಿಯೋಥೆರಪಿಯ ಹುಡುಗಿ ಒಂದು ದಿನ ಸೋತು ಕುಳಿತಳು. "ಅಮ್ಮಾ, ನಾನು ಮುಟ್ಟೋಕ್ ಮುಂಚೇನೇ ನೀವು ಬಿಗಿ ಹಿಡೀತೀರ. ಹಿಂಗೇ ಆದ್ರೆ ಭುಜ ಜಾಮ್ ಆಗ್ಬಿಡತ್ತೆ."

ಜಾಮ್ ಎಂದರೇನೆಂದು ಪೀಣ್ಯದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅಂದು ಮನೆಗೆ ಬರುವಾಗ ಆಟೋದಲ್ಲಿ ಕಣ್ಣೀರು ತಡೆಯಲಾಗಲಿಲ್ಲ. ಸಾಯುವವರೆಗೂ ಇನ್ನೊಬ್ಬರ ಮುಂದೆ ತಲೆ ಕೊಟ್ಟು ಕೂರಬೇಕಲ್ಲ ಎಂಬುದೇ ದೊಡ್ಡ ಸಂಕಟವಾಗಿತ್ತು. ಗಂಡ ರಸ್ತೆ ನೋಡುತ್ತಾ ಕುಳಿತಿದ್ದರು. ಈ ಮನುಷ್ಯನಿಗೆ ಏನೂ ಅನ್ನಿಸುವುದೇ ಇಲ್ಲವಲ್ಲ ಎಂದು ಸಿಟ್ಟೂ ಬಂತು.

ಆ ಹುಡುಗಿಯೇ ಮೊಬೈಲಿಗೆ ಒಂದು ಲಿಂಕ್ ಕಳಿಸಿದ್ದಳು. ಆಪರೇಷನ್ ಆದವರಿಗೆಂದೇ ಬೆಳಗಿನ ಆನ್‌ಲೈನ್ ಕ್ಲಾಸು. ಮೈ ಸಡಿಲಿಸುವುದು, ಉಸಿರಾಟ, ಕೊನೆಯಲ್ಲಿ ಕೂತಲ್ಲೇ ಮಾಡುವ ಸಣ್ಣ ಚಲನೆ. ಅವಳ ವ್ಯಾಯಾಮ ಬಿಡದೆ, ಅದರ ಜೊತೆಗೇ ಇದನ್ನೂ ಮಾಡಬೇಕು. ಗೇಜು ಇಟ್ಟು ಅಳೆದದ್ದನ್ನಷ್ಟೇ ನಂಬುವ ನನಗೆ, ಕಣ್ಣು ಮುಚ್ಚಿ ಉಸಿರು ನೋಡಿದರೆ ಭುಜ ಏಳುತ್ತದೆ ಎಂಬುದು ಕಿವಿಗೆ ಹೂವಿಡುವ ಮಾತಾಗಿ ಕೇಳಿಸಿತು. ಆದರೂ ಬೇರೆ ದಾರಿ ಇರಲಿಲ್ಲ, ಸೇರಿದೆ.

ಮೊಬೈಲನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಕೂರುತ್ತಿದ್ದೆ. ಪರದೆಯ ಮೇಲೆ ಮಂಡಿಯವರು, ಸೊಂಟದವರು, ಹೊಟ್ಟೆ ಕುಯ್ಯಿಸಿಕೊಂಡವರು, ಎಲ್ಲರೂ ಪುಟ್ಟ ಪುಟ್ಟ ಚೌಕಗಳಲ್ಲಿ. ಹೇಳಿಕೊಡುತ್ತಿದ್ದ ಮೇಡಂ ಮೆಲುದನಿಯವರು. ಅವರು "ಮೌನವನ್ನು ಆಲಿಸಿ" ಎನ್ನುವ ಹೊತ್ತಿಗೇ ನಮ್ಮ ತಲೆಯ ಮೇಲೆ ವಾಯುಪಡೆಯ ವಿಮಾನ ಹಾದುಹೋಗುತ್ತಿತ್ತು. ವಾರಗಟ್ಟಲೆ ಹಾಗೇ ಕೂತೆ. ಉಸಿರು ಬರುತ್ತಿತ್ತು, ಹೋಗುತ್ತಿತ್ತು. ಭುಜ ಕಿವಿಯ ಪಕ್ಕದಿಂದ ಕೆಳಗಿಳಿಯಲಿಲ್ಲ.

ಒಂದು ಬೆಳಿಗ್ಗೆ ಮೇಡಂ ನನ್ನನ್ನು ನೋಡಿರಬೇಕು. "ಭುಜದ ಆಪರೇಷನ್ ಆಗಿರೋ ಅಮ್ಮ, ನೀವಿನ್ನೂ ಹಿಡ್ಕೊಂಡೇ ಇದೀರ. ಕೈ ಬಿಡಿ. ಇನ್ನು ಸಾಕು, ಪೂರ್ತಿಯಾಗಿ ಕೈ ಬಿಟ್ಟುಬಿಡಿ" ಎಂದರು. ನಾನು ಉತ್ತರ ಕೊಡಲೆಂದು ಮೈಕ್ ಆನ್ ಮಾಡಿದೆ.

ಅಡುಗೆಮನೆಯಿಂದ ನನ್ನ ಗಂಡ ಕೈಯಲ್ಲಿ ಇಕ್ಕಳ ಹಿಡಿದೇ ಓಡಿಬಂದರು. ಮೊಬೈಲಿನ ಮುಂದೆ ಬಗ್ಗಿ, "ಏನ್ ಡಾಕ್ಟ್ರೇ ಇದು? ಕೈ ಬಿಟ್ಬಿಡಿ ಅಂದ್ರೆ ಏನರ್ಥ? ನೀವೇ ಕೈಬಿಟ್ರೆ ನಾವ್ ಎಲ್ಲಿಗ್ ಹೋಗೋದು? ಇನ್ನೊಂದು ಆಪರೇಷನ್ ಬೇಕಾದ್ರೂ ಮಾಡಿಸ್ತೀನಿ!" ಎಂದರು.

ಮೇಡಂ ಕೂಡ ಡಾಕ್ಟರೆಂದೇ ಅವರು ತಿಳಿದಿದ್ದರು; ಡಾಕ್ಟರು ಕೈಬಿಟ್ಟರು ಎಂದರೆ ನಮ್ಮ ಕಡೆ ರೋಗಿಯ ಕಥೆ ಮುಗಿಯಿತೆಂದೇ ಅರ್ಥ. ಮೇಡಂ ಕಣ್ಣು ಬಿಟ್ಟು, "ಅಯ್ಯೋ ಸಾರ್, ಕೈಬಿಡೋದಲ್ಲ, ಕೈನ ಸಡಿಲ ಬಿಡೋದು!" ಎಂದರು. ಹೊಟ್ಟೆ ಕುಯ್ಯಿಸಿಕೊಂಡಿದ್ದವರೊಬ್ಬರು ಹೊಲಿಗೆಯ ಮೇಲೆ ದಿಂಬು ಒತ್ತಿಹಿಡಿದು ನಗತೊಡಗಿದರು. ನನಗೂ ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

ನಗು ನಿಂತಾಗ ನೋಡುತ್ತೇನೆ, ನನ್ನ ಬಲಗೈ ತೊಡೆಯ ಮೇಲೆ ಅಂಗಾತ ಬಿದ್ದಿದೆ. ಭುಜ ತನ್ನ ಜಾಗಕ್ಕೆ ಇಳಿದಿದೆ. ಬಿಡುವುದು ಎಂದರೆ ಇದು ಎಂದು ಆಗ ಗೊತ್ತಾಯಿತು.

ಗಂಡ ಇಕ್ಕಳ ಹಿಡಿದು ಪೆಚ್ಚಾಗಿ ನಿಂತಿದ್ದರು. "ಆವತ್ತು ಆಟೋದಲ್ಲಿ ಬರ್ತಾನೇ ಹೆದ್ರಿಬಿಟ್ಟಿದ್ದೆ ಕಣೇ. ನಿಂಗ್ ಗೊತ್ತಾಗ್ಬಾರ್ದು ಅಂತ ರಸ್ತೆ ನೋಡ್ಕೊಂಡ್ ಕೂತಿದ್ದೆ" ಎಂದರು. ಅಷ್ಟು ದಿನ ನನ್ನ ಕೂದಲು ಹಿಡಿದು ಎಳೆಯುತ್ತಿದ್ದದ್ದು ಅವರ ಹೆದರಿಕೆಯೂ ಹೌದೆಂದು ತಿಳಿದು ನನಗೆ ಅವರ ಮೇಲೆ ತುಂಬ ಪ್ರೀತಿ ಬಂತು.

ಮರುದಿನದಿಂದ ಮೇಡಂ ಮಾತು ಬದಲಾಯಿಸಿದರು. "ಕೈಗೆ ರಜಾ ಕೊಡಿ" ಎನ್ನತೊಡಗಿದರು. ಅದು ನನಗೆ ಸರಿಯಾಗಿ ಅರ್ಥವಾಯಿತು. ರಜಾ ಎಂದರೆ ಕೆಲಸ ಹೋಯಿತೆಂದಲ್ಲ, ತಿರುಗಿ ಬರುತ್ತದೆ ಎಂದು. ಕ್ಲಾಸಿನಲ್ಲಿ ಸಡಿಲಿಸಿಕೊಂಡು ಹೋದರೆ, ಫಿಸಿಯೋಥೆರಪಿಯ ಹುಡುಗಿ ಮುಟ್ಟಿದಾಗ ಕೈ ಮೊದಲಿನಂತೆ ಜಗಳಕ್ಕೆ ನಿಲ್ಲುತ್ತಿರಲಿಲ್ಲ. ನೋವೇನೂ ಮಾಯವಾಗಲಿಲ್ಲ. ಕೆಲವು ದಿನ ಮುಂದೆ ಹೋದದ್ದೆಲ್ಲ ಹಿಂದಕ್ಕೆ ಬಂದಂತಾಗಿ ಎಲ್ಲರ ಮೇಲೂ ಹರಿಹಾಯ್ದಿದ್ದೂ ಉಂಟು. ಆದರೂ ಕೈ ಮೊದಲು ಗಲ್ಲ ಮುಟ್ಟಿತು, ಆಮೇಲೆ ಕುಂಕುಮ ಇಟ್ಟಿತು.

ನಾನು ಕೆಲಸಕ್ಕೆ ಮರಳುವ ಮುಂಚೆ ಒಂದು ಬೆಳಿಗ್ಗೆ ಗಂಡ ಎಂದಿನಂತೆ ನನ್ನ ಹಿಂದೆ ಕೂತು ಕೂದಲನ್ನು ಮೂರು ಪಾಲು ಮಾಡಿದ್ದರು. ನಾನು ಉಸಿರು ಬಿಡುತ್ತಾ ಬಲಗೈಯನ್ನು ಮೆಲ್ಲಗೆ ಎತ್ತಿದೆ. ಅದು ಕಿವಿ ದಾಟಿತು, ಕತ್ತಿನ ಹಿಂದೆ ಹೋಗಿ ಅವರ ಬೆರಳುಗಳಿಗೆ ತಾಗಿತು.

"ಕೈ ಬಿಡ್ರೀ, ನಾನೇ ಹಾಕ್ಕೋತೀನಿ" ಎಂದೆ.

"ಜಡೆ ಬಿಡು ಅನ್ನು, ಬಿಡ್ತೀನಿ" ಎಂದರು ಅವರು. "ಕೈ ಬಿಡು ಅಂತ ಮಾತ್ರ ಅನ್ಬೇಡ."

ನಾನು ಹೆಣೆದ ಜಡೆ ಸೊಟ್ಟಗಿತ್ತು, ಸಡಿಲವಾಗಿತ್ತು, ಊಟದ ಹೊತ್ತಿಗೆ ಬಿಚ್ಚಿಹೋಯಿತು. ಕೈತೊಳೆದು ಬಂದು ನಾನೇ ಇನ್ನೊಮ್ಮೆ ಹೆಣೆದುಕೊಂಡೆ.