ನಡುಗಿದ್ದು ನನ್ನ ಕೈಯಲ್ಲ

ಗೆಳೆಯರೇ, ಪಾಂಡವಪುರದ ರಸ್ತೆಯಲ್ಲಿ ಇವತ್ತು ನಮ್ಮ ಹಳೇ ಜೀಪಿನ ಸ್ಟೀರಿಂಗು ಗಡಗಡ ನಡುಗಿತು. ಪಕ್ಕದಲ್ಲಿದ್ದ ಅಪ್ಪ, "ಜೀಪಲ್ಲ ಕಣವ್ವ, ನಿನ್ ಕೈ ನಡುಗ್ತಾ ಅವೆ" ಎಂದರು.

ಅವರಿಗೇ ಓಡಿಸಲು ಕೊಟ್ಟೆ. ಸ್ವಲ್ಪ ವೇಗ ಹಿಡಿದದ್ದೇ ತಡ, ಅವರಿಗೂ ನಡುಗಿತು.

"ರೋಡೇ ಸರಿ ಇಲ್ಲ ಬುಡು."

ಇಳಿದು ಮುಂದಿನ ಚಕ್ರದ ಒಳಗಡೆ ಕೈಯಾಡಿಸಿದೆ. ನಿನ್ನೆ ಅಪ್ಪ ಪೈರು ಹೇರಲು ಜೀಪನ್ನು ಗದ್ದೆಗೇ ಇಳಿಸಿದ್ದರು. ಆ ಕೆಸರು ಒಂದೇ ಕಡೆ ಮೆತ್ತಿಕೊಂಡು, ಒಣಗಿ ಇಟ್ಟಿಗೆಯಾಗಿತ್ತು. ಒಂದು ಕಡೆ ಭಾರವಾದರೆ ಚಕ್ರ ಕುಣಿಯದೆ ಇನ್ನೇನು? ಕುಡುಗೋಲಿನಿಂದ ಕೆರೆದು ಕೆಡವಿ, ಮತ್ತೆ ನಾನೇ ಓಡಿಸಿದೆ. ಸ್ಟೀರಿಂಗು ಅಲುಗಲಿಲ್ಲ.

ಊರಲ್ಲಿ ಇಳಿದವರೇ ಅಪ್ಪ ಪಕ್ಕದ ಮನೆಯವನಿಗೆ ಹೇಳಿದರು: "ನಮ್ ಮಗ್ಳು ಹಿಡುದ್ರೆ ಸ್ಟೀರಿಂಗು ಅಲ್ಲಾಡಕಿಲ್ಲ ಕಣ್ಲಾ!"

ಬೆಳಿಗ್ಗೆ ಅವರ ಲೆಕ್ಕದಲ್ಲಿ ನಡುಗುತ್ತಿದ್ದದ್ದು ಇದೇ ಕೈ.