ಕೋಗಿಗಳ ಬೋರ್ಡಿಗೆ ನಾನು ಬಿಡಿಸಿದ ಹುಲಿ

ಹುಲಿಯ ಚಿತ್ರ ನೋಡಿ ದೊಡ್ಡ ಹೆಂಗಸೊಬ್ಬರು ಕಣ್ಣೀರು ಹಾಕುವುದನ್ನು ನಾನು ಕಂಡದ್ದು ಕತಾರಿಗೆ ಬಂದ ಮೇಲೆಯೇ. ಬಿಡಿಸಿದವಳೂ ನಾನೇ. ನಮ್ಮೂರಿನಲ್ಲಿ ಹುಲಿ ಎಂದರೆ ಹುಲಿವೇಷ, ತಾಸೆ ವಾದ್ಯದ ಪೆಟ್ಟು ಬಿದ್ದೊಡನೆ ಕಾಲು ತಾನಾಗಿ ಕುಣಿಯುವ ಸಂಗತಿ. ಅದಕ್ಕೆ ಅಳುವುದೇಕೆಂದು ನನಗೆ ತಲೆಬುಡ ಅರ್ಥವಾಗಲಿಲ್ಲ.

ದೋಹಾದ ಅಲ್ ಮುಂತಜಾದ ಹಳೆಯ ಕಟ್ಟಡವೊಂದರಲ್ಲಿ ಬೋರ್ಡು ಮಾಡುವ ಅಂಗಡಿಯಿದೆ. ಅಲ್ಲಿ ನಾನು ಡಿಸೈನರ್. ಯಜಮಾನರು ಉಳ್ಳಾಲದ ಕಡೆಯ ಬ್ಯಾರಿ ಹಿರಿಯರು, ಹಮೀದಾಕ. ನಾನು ಕಾಪುವಿನ ಕಡೆಯ ತುಳುವಳು. ನಮ್ಮ ಮಾತು ತುಳು, ಕನ್ನಡ, ಅರಬಿ ಎಲ್ಲ ಬೆರೆತ ಕಲಸುಮೇಲೋಗರ. ವಾಸ ಅಲ್ ವುಕೈರಿನಲ್ಲಿ, ಇಬ್ಬರು ಮಲಯಾಳಿ ನರ್ಸುಗಳ ಜೊತೆ ಒಂದೇ ಕೋಣೆಯಲ್ಲಿ. ಅವರ ಪುಟ್ಟು ಕಡಲೆ ತಿಂದು ಮಲಯಾಳ ಬಂತು, ನೀರುದೋಸೆಯ ನೆನಪಾಗಿ ಅಳುವೂ ಬಂತು. ಆರು ತಿಂಗಳ ಪ್ರೊಬೇಷನ್ ಮುಗಿಯಲು ಇನ್ನೆರಡು ವಾರವಿತ್ತು. ಅಷ್ಟರಲ್ಲಿ ಎಡವಿದರೆ ಖಲಾಸ್, ಅಂದರೆ ಮುಗಿಯಿತು. ಗಂಟುಮೂಟೆ ಕಟ್ಟಿ ವಿಮಾನ ಹತ್ತುವುದೇ.

ಆಗ ಬಂದವರು ಯೋಲಾಂದಾ, ಲುಸೈಲಿನ ಶಾಲೆಯೊಂದರ ಟೀಚರ್, ಕೊಲಂಬಿಯ ದೇಶದವರು. ಶಾಲೆಯಲ್ಲಿ ದೇಶಗಳ ದಿನವಂತೆ. ಅವರ ಅಜ್ಜಿಯ ಬುಡಕಟ್ಟಿನವರು ನೇಯ್ದ ಚೀಲಗಳನ್ನು ಅಲ್ಲಿ ಇಡುತ್ತಾರಂತೆ, ಅದಕ್ಕೊಂದು ಬೋರ್ಡು ಬೇಕು. ಅವರು ಕೊಟ್ಟ ಚೀಟಿಯಲ್ಲಿ ಮೇಲೆ ‘ಕೋಗಿ’ ಎಂದಿತ್ತು, ಕೆಳಗೆ ‘ಕಾಗ್ಗಬ’ ಎಂದಿತ್ತು. ಒಂದೇ ಜನಕ್ಕೆ ಎರಡು ಹೆಸರೇ? ಮೊಬೈಲಿನಲ್ಲಿ ಹುಡುಕಿದೆ. ಕೋಗಿ ಎಂದರೆ ಜಾಗ್ವಾರ್, ಅಲ್ಲಿಯ ಕಾಡಿನ ಚುಕ್ಕೆಯ ದೊಡ್ಡ ಚಿರತೆ, ಎಂದಿತ್ತು ಒಂದು ಕಡೆ. ಕಾಗ್ಗಬ ಎಂದರೆ ‘ಜನ’ ಎಂದಿತ್ತು ಇನ್ನೊಂದು ಕಡೆ. ಮೂರನೆಯ ಕಡೆ ಕಾಗ್ಗಬ ಎಂದರೂ ಜಾಗ್ವಾರ್! ಓದಿದಷ್ಟೂ ಗೊಂದಲ. ಒಂದು ಜನಕ್ಕೆ ಒಂದು ಹೆಸರು ಸಾಕೆಂದು ಎರಡನೆಯದನ್ನು ಅಳಿಸಿದೆ. ಸಂಭ್ರಮಕ್ಕೆ ಜಾಗ್ವಾರಿನ ದೊಡ್ಡ ಮುಖವೊಂದನ್ನು ಬಿಡಿಸಿದೆ. ಹುಲಿವೇಷ ನೋಡಿ ಬೆಳೆದ ಕೈ, ಚುಕ್ಕೆ ಇಡಬೇಕಾದಲ್ಲಿ ಪಟ್ಟೆ ಎಳೆದಿತ್ತು. ಗಿರಾಕಿ ವಾಟ್ಸಾಪಿನಲ್ಲಿ ‘ಓಕೆ’ ಎನ್ನದೆ ಪ್ರಿಂಟು ಒತ್ತಬಾರದು ಎಂಬುದು ಅಂಗಡಿಯ ಕಟ್ಟಳೆ. ಅವರು ನೋಡಿ ಬೆರಗಾಗಲಿ ಎಂದು ನಾನು ಒತ್ತಿಬಿಟ್ಟೆ.

ಮರುದಿನ ಮಧ್ಯಾಹ್ನ ಯೋಲಾಂದಾ ಬಂದು ಬೋರ್ಡಿನ ಮುಂದೆ ನಿಂತರು, ಕಣ್ಣು ತುಂಬಿತು.

“ಪಟ್ಟೆ ಹೋಗಲಿ ಬಿಡಿ,” ಎಂದರು ಇಂಗ್ಲಿಷಿನಲ್ಲಿ. “ಕೋಗಿ ಎನ್ನುವುದು ಹೊರಗಿನವರು. ಈಗ ಹೊರಗಿನವರ ಹತ್ತಿರ ನಾವೂ ಹಾಗೇ ಹೇಳಿಕೊಳ್ಳುತ್ತೇವೆ. ಮನೆಯೊಳಗೆ ಅಜ್ಜಿ ಹೇಳುತ್ತಿದ್ದದ್ದು ಕಾಗ್ಗಬ. ನೀವು ಅದನ್ನೇ ತೆಗೆದಿದ್ದೀರಿ.”

“ಅದರ ಅರ್ಥ ಜಾಗ್ವಾರೋ, ಜನವೋ?”

“ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅಜ್ಜಿ ಅರ್ಥ ಹೇಳಲಿಲ್ಲ. ಹಾಗೆ ಕರೆದಳು, ಅಷ್ಟೆ.”

ಹಮೀದಾಕ ಒಳಗಿನಿಂದ ಬಂದರು.

“ಎಂತ ಮಾರಾಯ್ತಿ, ಓಕೆ ಬಾರದೆ ಪ್ರಿಂಟ್ ಕೊಟ್ಟದ್ದಾ? ಮೊನ್ನೆ ಆ ಅರಬಿ ನಿನ್ನನ್ನು ಮಲ್ಬಾರಿ ಅಂತ ಕರೆದದ್ದಕ್ಕೆ ಇಡೀ ದಿನ ಮುಖ ಊದಿಸಿ ಕೂತಿದ್ದೆ ಅಲ್ವಾ? ಇವರಿಗೆ ಬೇಜಾರಾಗುವುದಿಲ್ವಾ?”

ಮಲಯಾಳಿಯಿರಲಿ, ಮಂಗಳೂರಿನವರಿರಲಿ, ಇಲ್ಲಿಯ ಎಷ್ಟೋ ಜನರಿಗೆ ನಾವೆಲ್ಲ ಮಲ್ಬಾರಿಗಳೇ.

“ಯಲ್ಲಾ, ಬೇಗ ಬೇಗ, ಸಂಜೆ ನಾಲ್ಕು ಗಂಟೆಯೊಳಗೆ ಹೊಸತು ಆಗಬೇಕು,” ಎಂದರು ಹಮೀದಾಕ.

ಈ ಬಾರಿ ಮೇಲೆ ಕೋಗಿ, ಕೆಳಗೆ ಅಷ್ಟೇ ದೊಡ್ಡದಾಗಿ ಕಾಗ್ಗಬ. ಪ್ರಾಣಿ ಇಲ್ಲ, ಅರ್ಥವೂ ಇಲ್ಲ. ಯೋಲಾಂದಾ ‘ಓಕೆ’ ಎಂದ ಮೇಲೆಯೇ ಒತ್ತಿದೆ. ಬೋರ್ಡು ಕೈಗೆ ಬಂದೊಡನೆ ಅವರು ಕೊಲಂಬಿಯದಲ್ಲಿರುವ ತಾಯಿಗೆ ವಿಡಿಯೊ ಕರೆ ಮಾಡಿ ತೋರಿಸಿದರು. ಅಲ್ಲಿ ಆಗಷ್ಟೇ ಬೆಳಗಾಗಿತ್ತು. ಆ ಮುದುಕಿ ತಮ್ಮ ಮೊಬೈಲಿನ ಮೇಲೆ ಬೆರಳಿಟ್ಟು ಓದಿ, ನನ್ನ ಕಡೆ ನೋಡಿ ಏನೋ ಕೇಳಿದರು.

“ನಿಮ್ಮವರನ್ನು ನೀವು ಏನೆಂದು ಕರೆದುಕೊಳ್ಳುತ್ತೀರಿ ಅಂತ ಅಮ್ಮ ಕೇಳುತ್ತಿದ್ದಾರೆ.”

“ಇಂಡಿಯನ್,” ಎಂದೆ.

“ಅದಲ್ಲವಂತೆ, ಮನೆಯೊಳಗೆ.”

ಬೆಂಗಳೂರಿನಲ್ಲಿ ನಾನು ಮಂಗಳೂರಿನವಳು, ಮಂಗಳೂರಿನಲ್ಲಿ ಕಾಪುವಿನವಳು. ಕನ್ನಡದವಳೆನ್ನಲೇ, ತುಳುವಿನವಳೆನ್ನಲೇ? ಮನೆಯೊಳಗೆ ಇದ್ಯಾವುದನ್ನೂ ನಾವು ಹೇಳಿಕೊಂಡ ನೆನಪಿಲ್ಲ.

“‘ನಮಕ್ಲು’ ಅಂತ ಹೇಳು,” ಎಂದರು ಹಮೀದಾಕ, ಕಟಿಂಗ್ ಮಿಷಿನ್ನಿನಿಂದ ತಲೆ ಎತ್ತದೆ. ತುಳುವಿನಲ್ಲಿ ಹಾಗೆಂದರೆ ನಮ್ಮವರು. ಬ್ಯಾರಿಯಾಗಲಿ, ಬಂಟರಾಗಲಿ, ಪೊರ್ಬುಗಳೆನ್ನುವ ಕ್ರೈಸ್ತರಾಗಲಿ, ದೋಹಾದಲ್ಲಿ ಊರಿನ ಯಾರು ಸಿಕ್ಕಿದರೂ ಅದೇ ಮಾತು. ಹೇಳಿದೆ. ಮುದುಕಿ “ನಮಕ್ಲು, ನಮಕ್ಲು” ಎಂದು ನಕ್ಕರು.

ಅವರು ಹೋದ ಮೇಲೆ ಹಮೀದಾಕ ಹೇಳಿದರು: “ಪರ್ಮನೆಂಟಿನ ಕಾಗದ ರೆಡಿ ಉಂಟು. ಇನ್ನೊಮ್ಮೆ ಓಕೆ ಬಾರದೆ ಒತ್ತಿದ್ರೆ ಮಾತ್ರ ಮಾಫಿ, ಕೆಲಸ ಇಲ್ಲ.” ಅರಬಿಯ ಈ ಮಾಫಿ ಎಂದರೆ ಕ್ಷಮೆಯಲ್ಲ, ‘ಇಲ್ಲ’ ಎಂದು.

ಖುಷಿಗೆ ನನಗೆ ಅಲ್ಲೇ ಕುಣಿಯುವಂತಾಯಿತು. ಬಸ್ಸಿನಲ್ಲಿ ಕೂತೊಡನೆ ಅಮ್ಮನಿಗೆ ಫೋನು ಮಾಡಿ, ಕೆಲಸ ಗಟ್ಟಿಯಾಯಿತು, ಇನ್ನು ಇಲ್ಲಿಯೇ ಎಂದೆ. ಅಮ್ಮ “ಅಬ್ಬಾ, ದೇವರು ದೊಡ್ಡವನು” ಎಂದಳು. ಫೋನಿನ ಆಚೆ ಪಕ್ಕದ ಮನೆಯ ಗಿರಿಜಕ್ಕನ ದನಿ, “ಅದ್ಯಾರು ಫೋನಿನಲ್ಲಿ, ನಮ್ಮವರಾ?”

“ಅಲ್ಲ ಗಿರಿಜಕ್ಕ,” ಎಂದಳು ಅಮ್ಮ ಹೆಮ್ಮೆಯಿಂದ, “ಕತಾರಿನವಳು.”