ಊರ ಗಡಿಯ ಸಂತ

ಹೋದ ಬೇಸಿಗೆಯಲ್ಲಿ ಮಗಳನ್ನು ಕರೆದುಕೊಂಡು ನಾವಿರುವ ಇಂಗ್ಲೆಂಡಿನ ಶೆಫೀಲ್ಡ್‌ನಿಂದ ಫ್ರಾನ್ಸಿನ ಒಂದು ಕಮ್ಯೂನಿಗೆ ರಜೆಗೆ ಹೋಗಿದ್ದೆ. ಕಮ್ಯೂನ್ ಎಂದರೆ ನಮ್ಮ ಗ್ರಾಮ ಪಂಚಾಯಿತಿ ಇದ್ದ ಹಾಗೆ. ಸುಣ್ಣಕಲ್ಲಿನ ಗುಡ್ಡ, ಅದರ ಬುಡವನ್ನು ಬಳಸಿ ಹರಿಯುವ ಹೊಳೆ, ನಡುವೆ ಒಂದಷ್ಟು ಮನೆಗಳು. ನಿವೃತ್ತ ಮೇಷ್ಟ್ರೊಬ್ಬರು ಪ್ರವಾಸಿಗಳಿಗೆ ಊರು ತೋರಿಸುತ್ತಿದ್ದರು.

ಕೊನೆಯ ಮನೆಯನ್ನೂ ದಾಟಿದ ಮೇಲೆ, ಹೊಲದ ಅಂಚಿನಲ್ಲಿ ಗುಡಿಯಷ್ಟೇ ಚಿಕ್ಕದೊಂದು ಹಳೆಯ ಚರ್ಚು ಇತ್ತು. "ಇದನ್ನ ಊರಿಂದ ಇಷ್ಟು ದೂರ ಯಾಕೆ ಕಟ್ಟಿದ್ದಾರೆ, ಹೇಳಿ ನೋಡೋಣ" ಎಂದರು ಮೇಷ್ಟ್ರು. ಜೊತೆಯಲ್ಲಿದ್ದ ಇಂಗ್ಲಿಷರು ಏಕಾಂತಕ್ಕೆ ಎಂದರು, ಇಲ್ಲಿಂದ ನೋಟ ಚೆನ್ನಾಗಿದೆ ಎಂದರು. ನೋಟವಂತೆ. ನನಗೆ ರೇಗಿತು. ಒಳಗೆ ಕಲ್ಲಿನ ಸಂತ ನಿಲುವಂಗಿ ಎತ್ತಿ ತೊಡೆಯ ಮೇಲಿನ ಗಡ್ಡೆಯನ್ನು ತೋರಿಸುತ್ತ ನಿಂತಿದ್ದ. ಸೋಂಕು ರೋಗಗಳ ಡಾಕ್ಟರಾದ ನನಗೆ ಅದು ಪ್ಲೇಗಿನ ಗಡ್ಡೆ ಎಂದು ಯಾರೂ ಹೇಳಿಕೊಡಬೇಕಿರಲಿಲ್ಲ.

"ರೋಗ ಊರೊಳಗೆ ಬರದ ಹಾಗೆ ಗಡಿಯಲ್ಲೇ ತಡೆಯೋಕೆ" ಎಂದೆ.

ಮೇಷ್ಟ್ರು ತಲೆದೂಗಿದರು. ಪ್ಲೇಗಿನ ಕಾಲದಲ್ಲಿ ಊರವರು ಹರಕೆ ಹೊತ್ತು ಕಟ್ಟಿಸಿದ್ದಂತೆ. ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದರು. ನಮ್ಮ ಕಡೆ ಈ ಕೆಲಸಕ್ಕೆ ಮಾರಮ್ಮ ಇದ್ದಾಳೆ, ಅವಳನ್ನೂ ಊರ ಹೊರಗೇ ಕೂರಿಸಿದ್ದೇವೆ ಎಂದೆ.

ವಾಪಸು ನಡೆಯುವಾಗ ಮಗಳು ಎಂದಿನಂತೆ ಇಂಗ್ಲಿಷಿನಲ್ಲಿ ಕೇಳಿದಳು, ಹಾಗಾದರೆ ಶೆಫೀಲ್ಡ್‌ನ ಗಡಿ ಕಾಯುವುದು ಯಾರು ಎಂದು.

"ಈ ವಾರ ಬೇರೆ ಯಾರೋ ಇದ್ದಾರೆ ಕಣೇ" ಎಂದೆ. "ಸೋಮವಾರದಿಂದ ಆಸ್ಪತ್ರೆಯ ಡ್ಯೂಟಿ ಪಟ್ಟಿಯಲ್ಲಿ ನಾನೇ."